ಮಾಲೀಕನಿಲ್ಲದ ಕಾರ್ಖಾನೆಯಲ್ಲಿ ಅಷ್ಟೊಂದು ಕಡತ ಯಾಕೆ?

ಕಾರ್ಖಾನೆಯೊಂದರ ಟೈಮ್ ಆಫೀಸಿನಲ್ಲಿ ದುಡಿದು ನಿವೃತ್ತರಾದ ಭದ್ರಾವತಿಯ ಓದುಗರೊಬ್ಬರು ಬರೆದಿದ್ದಾರೆ: “ಮಾಲೀಕ ಇದ್ದಲ್ಲಿ ಕಾರ್ಮಿಕರ ಮೇಲೆ ಕಣ್ಣಿಡಲು ಮೇಸ್ತ್ರಿ, ಗುಮಾಸ್ತ, ಮ್ಯಾನೇಜರು ಬೇಕು. ಸೋವಿಯತ್ ದೇಶದಲ್ಲಿ ಕಾರ್ಖಾನೆಯೇ ಕಾರ್ಮಿಕರದು. ಅಲ್ಲೂ ಯಾಕೆ ಅಷ್ಟೊಂದು ಕಡತ, ಅಷ್ಟೊಂದು ಅಧಿಕಾರಿಗಳು? ಕಾರ್ಮಿಕರಾದರೂ ಯಾಕೆ ಸುಮ್ಮನಿದ್ದರು?”

ಮಾನ್ಯರೇ,

ಹಾಜರಿ ನೋಡಿಯೇ ಸರ್ವಿಸ್ ಮುಗಿಸಿದವರು ನೀವು. ಹಾಜರಿಯಿಂದಲೇ ಶುರುಮಾಡುತ್ತೇನೆ.

ಅಲ್ಲಿ ಪ್ರತಿ ನೌಕರನಿಗೂ ಒಂದು ದುಡಿಮೆ ಪುಸ್ತಕ ಇರುತ್ತಿತ್ತು. 1938ರ ಡಿಸೆಂಬರಿನ ಆದೇಶದಿಂದ ಬಂದದ್ದು. ಎಲ್ಲಿ ಸೇರಿದ, ಎಲ್ಲಿಗೆ ವರ್ಗವಾದ, ಯಾಕೆ ಕೆಲಸ ಬಿಟ್ಟ, ಎಲ್ಲ ಅದರಲ್ಲಿ. ಆದರೆ ಪುಸ್ತಕ ಇರುತ್ತಿದ್ದುದು ಅವನ ಜೇಬಿನಲ್ಲಲ್ಲ, ಕಾರ್ಖಾನೆಯ ಸಿಬ್ಬಂದಿ ವಿಭಾಗದಲ್ಲಿ. 1940ರ ಜೂನ್ 26ರ ಆದೇಶ ಇನ್ನೂ ಬಿಗಿ. ಅನುಮತಿಯಿಲ್ಲದೆ ಕೆಲಸ ಬಿಟ್ಟರೆ 2ರಿಂದ 4 ತಿಂಗಳು ಜೈಲು. 20 ನಿಮಿಷಕ್ಕಿಂತ ತಡವಾದರೆ ಗೈರುಹಾಜರಿಯ ಲೆಕ್ಕ. ಅದಕ್ಕೆ 6 ತಿಂಗಳವರೆಗೆ ಸಂಬಳದ ಕಾಲು ಭಾಗದಷ್ಟು ಕಡಿತ. ತಡವಾಗಿ ಬಂದವನ ಹೆಸರು ಮುಚ್ಚಿಟ್ಟ ಮೇಲಧಿಕಾರಿಯೂ ಕಟಕಟೆ ಹತ್ತಬೇಕಿತ್ತು. ಬಸ್ಸು ತಪ್ಪಿ ಓಡಿಬಂದ ಹುಡುಗನಿಗೆ ನೀವು ಎಷ್ಟೋ ಸಲ “ಹೋಗಲಿ, ಒಳಗೆ ಹೋಗಪ್ಪ” ಅಂದಿರುತ್ತೀರಿ. ಅಲ್ಲಿ ಹಾಗೆ ಅಂದವನೂ ಅಪರಾಧಿ. ಈ ಕಾನೂನು ಹೋದದ್ದು 1956ರಲ್ಲಿ.

ಇನ್ನು ಯೋಜನೆಯ ಗುರಿ. ಯಾವ ಕಾರ್ಖಾನೆ ಎಷ್ಟು ತಯಾರಿಸಬೇಕು ಎಂಬ ಅಂಕಿಯನ್ನು ಮಾಸ್ಕೋದ ಗೋಸ್‌ಪ್ಲಾನ್ ಎಂಬ ಸರ್ಕಾರಿ ಯೋಜನಾ ಸಮಿತಿ, ಅದರ ಕೆಳಗೆ ಸಚಿವಾಲಯಗಳು ಹಂಚುತ್ತಿದ್ದವು. ಈ ವರ್ಷ ಮಾಡಿದ್ದರ ಮೇಲೆ ಬರುವ ವರ್ಷದ ಗುರಿ. ಹಾಗಾಗಿ ಜಾಣ ನಿರ್ದೇಶಕ ಕೈಲಾದಷ್ಟು ಮಾಡುತ್ತಿರಲಿಲ್ಲ, ತನ್ನ ಬಳಿ ಇದ್ದದ್ದನ್ನೆಲ್ಲ ತೋರಿಸುತ್ತಲೂ ಇರಲಿಲ್ಲ. ಅವನನ್ನು ಹಿಡಿಯಲು ಮೇಲಿನಿಂದ ಇನ್ನೊಂದು ನಮೂನೆ, ಅದನ್ನು ತುಂಬಲು ಇನ್ನೊಬ್ಬ ಗುಮಾಸ್ತ. ಕಾಗದದಲ್ಲಿ ಮಂಜೂರಾದ ಕಚ್ಚಾಮಾಲು ಗೋದಾಮಿಗೆ ಬಾರದಿದ್ದರೆ, ಅದನ್ನು ಹೊರಡಿಸಲೆಂದೇ ಊರೂರು ಅಲೆಯುವ ‘ತೊಲ್ಕಾಚ್’ ಇರುತ್ತಿದ್ದ. ತಳ್ಳುವವ ಎಂದು ಅರ್ಥ. ತಿಂಗಳ ಮೊದಲ 10 ದಿನ ನಿದ್ದೆ, ಆಮೇಲಿನ 10 ದಿನ ಮೈಮುರಿತ, ಕೊನೆಯ 10 ದಿನ ಜ್ವರ ಎಂದು ಅಲ್ಲಿನವರೇ ಹೇಳಿಕೊಳ್ಳುತ್ತಿದ್ದರು.

ಇದೆಲ್ಲ ಸೋಮಾರಿತನ ಅನ್ನುವವರ ಮಾತು ನಾನು ಒಪ್ಪುವುದಿಲ್ಲ. ಕಾರ್ಖಾನೆಗಳ ಮೇಲೆ ಕಾರ್ಮಿಕರ ಹತೋಟಿ ಇರಲಿ ಎಂದು 1917ರ ನವೆಂಬರಿನಲ್ಲಿ ಆಜ್ಞೆ ಹೊರಡಿಸಿದ್ದು ಆ ದೇಶವನ್ನು ಹುಟ್ಟಿಸಿದ ರಷ್ಯಾದ ಕ್ರಾಂತಿಯೇ. 1929ರ ಹೊತ್ತಿಗೆ ನಿರ್ದೇಶಕನೊಬ್ಬನದೇ ಆಡಳಿತ ಎಂದಾಯಿತು. ಅವನನ್ನು ನೇಮಿಸುವವರೂ ತೆಗೆಯುವವರೂ ಮೇಲಿನವರು. ಅವನು ಲೆಕ್ಕ ಒಪ್ಪಿಸಬೇಕಾದದ್ದೂ ಅವರಿಗೇ, ಕಾಗದದಲ್ಲಿ. ಯಂತ್ರದ ಮುಂದೆ ನಿಂತವನು “ಈ ಅಂಕಿ ಸುಳ್ಳು” ಎಂದು ಬಾಯಿಬಿಟ್ಟು ಹೇಳಿ ದಕ್ಕಿಸಿಕೊಳ್ಳುವ ದಾರಿಯೇ ಇರಲಿಲ್ಲ. ಕಡತ ಬೆಳೆದದ್ದು ಅಲ್ಲಿಂದ. ಸಮಾಜವಾದದ ಆಸೆಯನ್ನು ನಾನಿನ್ನೂ ಬಿಟ್ಟವನಲ್ಲ, ಅದಕ್ಕೇ ಇದನ್ನು ಬರೆಯುವಾಗ ನೋವಾಗುತ್ತದೆ. (ಯುಗೊಸ್ಲಾವಿಯ 1950ರಲ್ಲಿ ಕಾರ್ಮಿಕರೇ ಆರಿಸುವ ಮಂಡಳಿಗಳನ್ನು ತಂದು ಬೇರೆ ದಾರಿ ಹಿಡಿಯಿತು. ಅದರ ಕಥೆ ಇನ್ನೊಮ್ಮೆ.)

ಸುಮ್ಮನಿದ್ದರೇ ಎಂದು ಕೇಳಿದ್ದೀರಿ. ಇಲ್ಲ. ಸೋವಿಯತ್ ಹಿಡಿತದಲ್ಲಿದ್ದು ಅದೇ ಬಗೆಯ ಆಡಳಿತ ನಡೆಸುತ್ತಿದ್ದ ಪೋಲೆಂಡನ್ನೇ ನೋಡಿ. ಅಲ್ಲಿನ ಗ್ದಾನ್ಸ್ಕ್ ಊರಿನಲ್ಲಿ ಲೆನಿನ್ ಹೆಸರಿನದೇ ಹಡಗು ಕಟ್ಟುವ ಕಾರ್ಖಾನೆಯಿತ್ತು. 1980ರ ಆಗಸ್ಟಿನಲ್ಲಿ ಅಲ್ಲಿ ಕ್ರೇನ್ ನಡೆಸುತ್ತಿದ್ದ ಅನ್ನಾ ವಾಲೆಂಟಿನೋವಿಚ್ ಎಂಬಾಕೆಯನ್ನು, ನಿವೃತ್ತಿಗೆ 5 ತಿಂಗಳಷ್ಟೇ ಇರುವಾಗ, ಕೆಲಸದಿಂದ ತೆಗೆದರು. 14ರಂದು ಜೊತೆಯವರು ಕೆಲಸ ನಿಲ್ಲಿಸಿದರು. ನಿರ್ದೇಶಕರ ಕಾರಿನಲ್ಲೇ ಆಕೆಯನ್ನು ಮನೆಯಿಂದ ಕರೆತರಬೇಕಾಯಿತು. 21 ಬೇಡಿಕೆಗಳನ್ನು ಹಲಗೆಗಳ ಮೇಲೆ ಕೈಯಲ್ಲೇ ಬರೆದು ಗೇಟಿಗೆ ತೂಗುಹಾಕಿದರು. ಮೊದಲನೆಯದು ಆಳುವ ಕಮ್ಯುನಿಸ್ಟ್ ಪಕ್ಷದ ಹಿಡಿತವಿಲ್ಲದ ಕಾರ್ಮಿಕ ಸಂಘ. ಸಂಬಳ, ಮಾಂಸದ ಪಡಿತರ, ಹೆರಿಗೆ ರಜೆ ಎಲ್ಲವೂ ಇವೆ. ನಿಮಗೆ ನಾನು ತೋರಿಸಬೇಕಾದದ್ದು ಹನ್ನೆರಡನೆಯದನ್ನು: ಆಡಳಿತದವರನ್ನು ಆರಿಸುವಾಗ ಅರ್ಹತೆ ನೋಡಿ, ಪಕ್ಷದ ಸದಸ್ಯತ್ವ ನೋಡಬೇಡಿ. ಆ ಹಲಗೆಗಳು ಈಗಲೂ ಅದೇ ಊರಿನಲ್ಲಿವೆ.

— ಸಂಪಾದಕ