ಥೆರಪಿ ಸೆಂಟರ್‌ಗೆ ದುಡ್ಡಲ್ಲದೆ ಬೇರೇನು ಕೊಡಬಹುದು?

ಆಟಿಸಂ ಇರುವ ಮಗಳಿಗೆ ನಾಲ್ಕು ವರ್ಷ ಥೆರಪಿ ಕೊಟ್ಟ ಸೆಂಟರ್‌ನ ಋಣ ತೀರಿಸಬೇಕು, ಆದರೆ ಕೈಯಲ್ಲಿ ಅಷ್ಟು ದುಡ್ಡಿಲ್ಲ, ಏನು ಮಾಡಲಿ ಅಂತ ಕೇಳಿದ್ದೀರಿ. ನನ್ನ ಅನುಭವ ಹೇಳುತ್ತೇನೆ.

ನನ್ನ ಮಗನಿಗೆ ಈಗ 14 ವರ್ಷ. ಮೂರು ವರ್ಷದವನಿದ್ದಾಗ ಮೈಸೂರಿನ ವಾಕ್ ಶ್ರವಣ ಸಂಸ್ಥೆಯಲ್ಲಿ ಅವನಿಗೆ ಆಟಿಸಂ ಅಂತ ಗೊತ್ತಾಯಿತು. ಅವತ್ತು ಅವರು ಹೇಳಿದ್ದು ಒಂದೂ ತಲೆಗೆ ಹೋಗಲಿಲ್ಲ. ಹೊರಗೆ ಬೆಂಚಿನ ಮೇಲೆ ಕೂತಿದ್ದೆ. ಪಕ್ಕದಲ್ಲಿ ಹಾಸನದ ಕಡೆಯ ಒಬ್ಬ ತಾಯಿ ಮಗಳಿಗೆ ಊಟ ಮಾಡಿಸುತ್ತಾ, "ಇವಳೂ ಹಿಂಗೇ ಇದ್ಲು, ಈಗ ನೀರು ಬೇಕಾದ್ರೆ ಲೋಟ ತೋರಿಸ್ತಾಳೆ" ಅಂದರು. ಲೋಟ ತೋರಿಸುವುದು ಎಷ್ಟು ದೊಡ್ಡ ವಿಷಯ ಅಂತ ನನಗೆ ಅರ್ಥವಾಗಿದ್ದು ಎಷ್ಟೋ ತಿಂಗಳಾದ ಮೇಲೆ, ಆದರೆ ಅವತ್ತು ರಾತ್ರಿ ನಿದ್ದೆ ಬಂದಿದ್ದು ಆ ಮಾತಿನಿಂದಲೇ.

ಈಗ ನಾನು ಮಾಡುತ್ತಿರುವುದೂ ಅದನ್ನೇ. ಮಗ ಹೋಗುವ ಸೆಂಟರ್‌ನಲ್ಲಿ ಶನಿವಾರ ಎರಡು ಗಂಟೆ ಹೊಸದಾಗಿ ಬಂದ ಅಪ್ಪ ಅಮ್ಮಂದಿರ ಜೊತೆ ಕೂರುತ್ತೇನೆ. ಯಾವ ಥೆರಪಿ ಬೇಕು ಅಂತ ಹೇಳಲು ಹೋಗುವುದಿಲ್ಲ, ಅದು ಥೆರಪಿಸ್ಟ್ ಕೆಲಸ. ಅವರ ಮಾತು ಕೇಳುತ್ತೇನೆ, ಆಮೇಲೆ ಅರ್ಜಿ ತುಂಬಿಸಲು ನೆರವಾಗುತ್ತೇನೆ: ಯುಡಿಐಡಿ ಕಾರ್ಡ್ (ಅಂಗವಿಕಲರಿಗೆ ಸರ್ಕಾರ ಕೊಡುವ ಗುರುತಿನ ಚೀಟಿ), ಕೇಂದ್ರ ಸರ್ಕಾರದ ನ್ಯಾಷನಲ್ ಟ್ರಸ್ಟ್‌ನ ನಿರಾಮಯ ಆರೋಗ್ಯ ವಿಮೆ. ನಿರಾಮಯದಲ್ಲಿ ವರ್ಷಕ್ಕೆ 1 ಲಕ್ಷ ರೂಪಾಯಿವರೆಗೆ ಸಿಗುತ್ತದೆ, ಥೆರಪಿ ಖರ್ಚಿಗೂ ಅದರಲ್ಲಿ ಒಂದು ಪಾಲು ಇದೆ, ಆದರೂ ಎಷ್ಟೋ ಮನೆಯವರು ಅದರ ಹೆಸರೇ ಕೇಳಿರುವುದಿಲ್ಲ. ಯಾರೂ ಹೇಳದೆ ನಾನೂ ನಾಲ್ಕು ವರ್ಷ ಎಲ್ಲವನ್ನೂ ಕೈಯಿಂದಲೇ ಕಟ್ಟಿದೆ. ಆ ಬೇಜಾರು ಇನ್ನೂ ಹೋಗಿಲ್ಲ.

ಇನ್ನೊಂದು, ಮಾತು ಬಾರದ ಮಕ್ಕಳು ಬೇಕಾದ್ದನ್ನು ತೋರಿಸಿ ಕೇಳುವ ಚಿತ್ರದ ಕಾರ್ಡ್. ಅಂಗಡಿಯ ಕಾರ್ಡಲ್ಲಿ ಬರ್ಗರ್, ಸ್ನೋಮ್ಯಾನ್ ಇರುತ್ತವೆ. ನಾವು ಮೂರು ಜನ ತಾಯಂದಿರು ಸೇರಿ ಮುದ್ದೆ, ಇಡ್ಲಿ, ಚೊಂಬು, ಕೆಂಪು ಬಸ್ಸು ಎಲ್ಲದರ ಫೋಟೋ ತೆಗೆದು, ಕನ್ನಡದಲ್ಲಿ ಹೆಸರು ಬರೆದು ಲ್ಯಾಮಿನೇಟ್ ಮಾಡಿಸಿದೆವು. ಖರ್ಚು ಜಾಸ್ತಿ ಆಗಲಿಲ್ಲ. ಮಕ್ಕಳು ದಿನಾ ಬಳಸುತ್ತಾರೆ.

ಒಂದು ಮಾತ್ರ ಬೇಡ. ಹುಟ್ಟುಹಬ್ಬ ಅಂತ ಹೇಳದೆ ಕೇಳದೆ ಕೇಕ್ ತಗೊಂಡು ಹೋಗಬೇಡಿ. ಆ ಚಪ್ಪಾಳೆ ಗದ್ದಲಕ್ಕೆ ಕಿವಿ ಮುಚ್ಚಿಕೊಂಡು ಅಳುವ ಮಕ್ಕಳಿರುತ್ತಾರೆ, ನಿಮಗೂ ಗೊತ್ತು ಅಲ್ವಾ? ಮುರಿದ ಆಟಿಕೆಗಳೂ ಬೇಡ.

ಅಪ್ಪ ಅಮ್ಮಂದಿರಿಂದ ಎಷ್ಟಾದೀತು ಅಂದುಕೊಳ್ಳಬೇಡಿ. ದಿಲ್ಲಿಯಲ್ಲಿ 1991ರಲ್ಲಿ ಆಕ್ಷನ್ ಫಾರ್ ಆಟಿಸಂ ಅನ್ನೋ ಸಂಸ್ಥೆ ಶುರು ಮಾಡಿದ ಮೆರಿ ಬರುವಾ ಕೂಡ ಆಟಿಸಂ ಇರುವ ಮಗನ ತಾಯಿಯೇ. ನಾವು ಅಷ್ಟು ಮಾಡಬೇಕಿಲ್ಲ. ನಾಳೆ ಸೆಂಟರ್‌ಗೆ ಹೋದಾಗ, ಈ ವಾರ ಹೊಸದಾಗಿ ಯಾರು ಸೇರಿದ್ದಾರೆ, ಅವರ ಜೊತೆ ನಾನು ಮಾತಾಡಬಹುದಾ ಅಂತ ಅಲ್ಲಿನ ಮೇಡಂನ ಕೇಳಿ.