ಸಂಪಾದಕರ ಉತ್ತರ: ಅಮ್ಮನ ಸಿಡುಕು, ಮಗುವಿನ ಹಠ

ಕಾಪುವಿನ ಸೋದರಿಗೆ ವಂದನೆಗಳು.

ನಿಮ್ಮ ಪತ್ರವನ್ನು ಎರಡು ಸಲ ಓದಿದೆ. ಪತಿ ಗಲ್ಫಿನಲ್ಲಿದ್ದಾರೆ, ಮನೆಯಲ್ಲಿ ಅತ್ತೆ, ನೀವು ಮತ್ತು ಮೂರೂವರೆ ವರ್ಷದ ಮಗ. ಸಂಜೆಯಾಯಿತೆಂದರೆ ಅವನು ಸಣ್ಣ ಕಾರಣಕ್ಕೂ ಬೊಬ್ಬೆ ಹೊಡೆದು ನೆಲದಲ್ಲಿ ಹೊರಳುತ್ತಾನೆ, ನೀವು ಜೋರು ಮಾಡುತ್ತೀರಿ, ಅವನು ಮಲಗಿದ ಮೇಲೆ ಒಬ್ಬರೇ ಅಳುತ್ತೀರಿ. ‘ತಾಯಿಯಂತೆ ಮಗಳು, ನೂಲಿನಂತೆ ಸೀರೆ’ ಎಂಬ ಗಾದೆಯನ್ನು ನೆರೆಯವರು ನಿಮ್ಮ ಮಗನಿಗೂ ಹೊಂದಿಸಿದ್ದಾರೆ. ‘ನನ್ನ ಸಿಟ್ಟೇ ಅವನಿಗೆ ಬಂತೇ?’ ಎಂದು ಕೇಳಿದ್ದೀರಿ.

ತಾಯಿಯ ಮನಃಸ್ಥಿತಿ ಮಗುವನ್ನು ತಟ್ಟುವುದೇ ಇಲ್ಲವೆಂದು ಬರೆದರೆ ನಿಮಗೆ ಸಮಾಧಾನವಾದೀತು, ಆದರೆ ಅದು ಸತ್ಯವಲ್ಲ. 1970ರ ದಶಕದಲ್ಲಿ ಅಮೆರಿಕದ ಮನೋವಿಜ್ಞಾನಿ ಎಡ್ವರ್ಡ್ ಟ್ರಾನಿಕ್ ಮತ್ತು ಸಂಗಡಿಗರು, ಕೆಲವೇ ತಿಂಗಳ ಕೂಸುಗಳ ಎದುರು ತಾಯಂದಿರು ಸ್ವಲ್ಪ ಹೊತ್ತು ಯಾವ ಭಾವವನ್ನೂ ತೋರದೆ ಕುಳಿತಿರುವಂತೆ ಮಾಡಿ ನೋಡಿದರು. ಕೂಸು ಮೊದಲು ನಕ್ಕಿತು, ಕೈ ಚಾಚಿತು, ತಾಯಿಯನ್ನು ಮತ್ತೆ ಆಟಕ್ಕೆ ಎಳೆಯಲು ನೋಡಿತು; ಫಲ ಕಾಣದಾಗ ಮುಖ ತಿರುಗಿಸಿಕೊಂಡಿತು. ಇಷ್ಟು ತಿಳಿದು ಭಯಪಡುವವರು ಟ್ರಾನಿಕ್ ಅವರ ಇನ್ನೊಂದು ಮಾತನ್ನೂ ತಿಳಿಯಬೇಕು. ಆರೋಗ್ಯವಂತ ತಾಯಿ ಮಗುವಿನ ನಡುವೆಯೂ ಭಾವದ ತಾಳ ಕೂಡುವುದು ಸುಮಾರು ಮೂರನೆಯ ಒಂದು ಪಾಲು ಸಮಯ ಮಾತ್ರ. ಉಳಿದ ಹೊತ್ತೆಲ್ಲ ತಪ್ಪುವುದು, ಮತ್ತೆ ಕೂಡಿಕೊಳ್ಳುವುದು. ಹೀಗೆ ಮತ್ತೆ ಕೂಡಿಕೊಳ್ಳುವುದರಿಂದಲೇ ಮಗು ತನ್ನ ದುಃಖವನ್ನು ತಡೆದುಕೊಳ್ಳಲು ಕಲಿಯುತ್ತದೆ.

ಮಗುವೂ ತಾಯಿಯ ನೂಲಿನಿಂದ ನೇಯ್ದ ಬರಿಯ ಸೀರೆಯಲ್ಲ. 1956ರಲ್ಲಿ ನ್ಯೂಯಾರ್ಕಿನಲ್ಲಿ ಅಲೆಕ್ಸಾಂಡರ್ ಥಾಮಸ್ ಮತ್ತು ಸ್ಟೆಲ್ಲಾ ಚೆಸ್ ದಂಪತಿ ಆರಂಭಿಸಿದ ದೀರ್ಘ ಅಧ್ಯಯನವು, ಕೆಲವು ಮಕ್ಕಳು ಎಳೆಯ ತಿಂಗಳುಗಳಿಂದಲೇ ಬೇಗ ಕೆರಳುವವರು, ಹೊಸದಕ್ಕೆ ಒಗ್ಗದವರು ಎಂದು ಕಂಡುಕೊಂಡಿತು. ಬಾಣಂತನದಲ್ಲಿಯೇ ಎಣ್ಣೆ-ನೀರೆಂದರೆ ಅವನು ರಚ್ಚೆ ಹಿಡಿಯುತ್ತಿದ್ದನೆಂದು ನೀವೇ ಬರೆದಿದ್ದೀರಲ್ಲ! ಅಂತಹ ಮಗು ತಾಯಿಯನ್ನು ದಣಿಸುತ್ತದೆ, ದಣಿದ ತಾಯಿ ಸಿಡುಕುತ್ತಾಳೆ, ಸಿಡುಕಿಗೆ ಹಠ ಹೆಚ್ಚುತ್ತದೆ. ಈ ಸುತ್ತು ಎಲ್ಲಿ ಮೊದಲಾಯಿತೆಂದು ಹುಡುಕಿ ಒಬ್ಬರ ತಲೆಗೆ ಕಟ್ಟುವುದು ನನಗೆ ಒಪ್ಪಿಗೆಯಿಲ್ಲ. ಸಂಶೋಧಕರು ಬಹುಕಾಲ ತಾಯಿಯನ್ನಷ್ಟೇ ನೋಡಿ, ತಂದೆಯ ಮನಸ್ಸೂ ಮಗುವನ್ನು ಮುಟ್ಟುತ್ತದೆ ಎಂಬುದನ್ನು ತಡವಾಗಿ ಗಮನಿಸಿದರು. ಊರಿನವರು ಇನ್ನೂ ಗಮನಿಸಿಲ್ಲ.

ಅಂಗನವಾಡಿಯ ಟೀಚರ್ ಅವನನ್ನು ‘ಪಾಪದ ಹುಡುಗ’, ಅಂದರೆ ಸಾಧು ಸ್ವಭಾವದವನು, ಎನ್ನುವುದು ನಿಮಗೆ ವಿಚಿತ್ರವಾಗಿ ಕಂಡಿದೆ. ಇಬ್ಬರ ಮಾತೂ ನಿಜವಿರಬಹುದು. ಹಗಲಿಡೀ ತಡೆದುಕೊಂಡದ್ದನ್ನು ಮಕ್ಕಳು ತಮಗೆ ಭದ್ರವೆನಿಸಿದ ಮಡಿಲಲ್ಲಿ ಸುರಿಯುತ್ತಾರೆ. ಜೊತೆಗೆ, ಮನಸ್ಸು ಕುಗ್ಗಿರುವಾಗ ಮಗುವಿನ ಸಾಮಾನ್ಯ ತಂಟೆಯೂ ದೊಡ್ಡದಾಗಿ ತೋರುತ್ತದೆ.

ನನ್ನನ್ನು ಚಿಂತೆಗೀಡುಮಾಡಿದ್ದು ಪತ್ರದ ಕೊನೆಯಲ್ಲಿ ನೀವು ಸುಮ್ಮನೆ ಸೇರಿಸಿದ ಸಾಲು: ಆರು ತಿಂಗಳಿನಿಂದ ನಿದ್ದೆ ಸರಿಯಿಲ್ಲ, ಊಟ ರುಚಿಸುವುದಿಲ್ಲ, ಯಾವುದೂ ಬೇಡವೆನಿಸುತ್ತದೆ. ಇದನ್ನು ಸ್ವಭಾವವೆಂದು ತಳ್ಳಿಬಿಡಬೇಡಿ. ಇದು ಖಿನ್ನತೆ ಇರಬಹುದು, ಅದಕ್ಕೆ ಚಿಕಿತ್ಸೆಯಿದೆ. ಉಡುಪಿಯ ಜಿಲ್ಲಾಸ್ಪತ್ರೆಗೆ ಹೋಗಿ ವೈದ್ಯರನ್ನು ಕಾಣಿ. ಅದಕ್ಕೂ ಮೊದಲು ಮಾತನಾಡಬೇಕೆನಿಸಿದರೆ, ಸರಕಾರದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಹಗಲು ರಾತ್ರಿ ಯಾವಾಗಲಾದರೂ ಉಚಿತವಾಗಿ ಕರೆ ಮಾಡಿ ಕನ್ನಡದಲ್ಲೇ ಮಾತನಾಡಬಹುದು.

ಜೋರು ಮಾಡಿದ ದಿನ, ಇಬ್ಬರೂ ತಣ್ಣಗಾದ ಮೇಲೆ ಅವನನ್ನು ಹತ್ತಿರ ಕೂರಿಸಿಕೊಂಡು ‘ಅಮ್ಮನಿಗೆ ಸಿಟ್ಟು ಬಂದಿತ್ತು, ಈಗ ಹೋಯಿತು’ ಎಂದು ಹೇಳಿ, ಅವನಿಗೆ ಅರ್ಥವಾಗುತ್ತದೆ. ದೀಪ ಹಚ್ಚುವ ಹೊತ್ತಿನ ಅರ್ಧ ಗಂಟೆ ಅವನನ್ನು ಅತ್ತೆಯವರು ನೋಡಿಕೊಳ್ಳಲಿ. ಈ ಪುಟವನ್ನು ಪತಿಗೂ ಕಳುಹಿಸಿ. ಅವರ ಉತ್ತರಕ್ಕೂ ನಾನು ಕಾದಿರುತ್ತೇನೆ.

ಸಂಪಾದಕ