ಲಿಂಕನ್ನೋ ರೂಸ್‌ವೆಲ್ಟೋ: ಅಮೆರಿಕದ ಅಧ್ಯಕ್ಷರಲ್ಲಿ ದೊಡ್ಡವನು ಯಾರು?

ನಿಮ್ಮ ಪ್ರಶ್ನೆ: "ಅಮೆರಿಕದ ಅತಿ ಶ್ರೇಷ್ಠ ಅಧ್ಯಕ್ಷ ಲಿಂಕನ್ ಅಂತ ನಾನು, ಫ್ರಾಂಕ್ಲಿನ್ ರೂಸ್‌ವೆಲ್ಟ್ ಅಂತ ನನ್ನ ಗೆಳೆಯ. ಪ್ರತಿ ಸಲವೂ ವಾದ ಅಲ್ಲಲ್ಲೇ ಸುತ್ತುತ್ತದೆ. ಇದನ್ನು ಸರಿಯಾಗಿ ವಾದಿಸುವುದು ಹೇಗೆ?"

ನನ್ನ ಉತ್ತರವೂ ಲಿಂಕನ್ನೇ. ಆದರೆ ವಾದ ಯಾಕೆ ಸುತ್ತುತ್ತಿದೆ ಅನ್ನುವುದನ್ನು ಮೊದಲು ನೋಡೋಣ. ಒಬ್ಬ ಅಧ್ಯಕ್ಷನ ಕಾಲದಲ್ಲಿ ಆದದ್ದನ್ನೆಲ್ಲ ಅವನ ಖಾತೆಗೇ ಜಮಾ ಮಾಡುತ್ತೇವೆ. ಕಾಂಗ್ರೆಸ್ (ಅಲ್ಲಿನ ಸಂಸತ್ತು) ತಂದ ಕಾನೂನು, ಸೇನಾಪತಿಗಳು ಗೆದ್ದ ಯುದ್ಧ, ತಾನಾಗಿ ಚೇತರಿಸಿಕೊಂಡ ವ್ಯಾಪಾರ, ಎಲ್ಲವೂ ಅವನ ಹೆಸರಿಗೇ. ಹೀಗೆ ಲೆಕ್ಕ ಹಾಕಿದರೆ ಯಾರನ್ನು ಬೇಕಾದರೂ ದೊಡ್ಡವನಾಗಿಸಬಹುದು. ಅದರ ಬದಲು ಒಂದೊಂದು ನಿರ್ಧಾರವನ್ನೇ ಎತ್ತಿಕೊಂಡು ಕೇಳಿ: ಆ ಕುರ್ಚಿಯಲ್ಲಿ ಬೇರೊಬ್ಬ ಕೂತಿದ್ದರೆ ಇದು ಹೀಗೇ ಆಗುತ್ತಿತ್ತೇ? ಸುತ್ತಲಿದ್ದವರು ಏನು ಸಲಹೆ ಕೊಟ್ಟಿದ್ದರು? ಅವನು ಮಾಡಿದ್ದು ಅವನ ನಂತರ ಉಳಿಯಿತೇ? ತಪ್ಪುಗಳನ್ನೂ ಇದೇ ಅಳತೆಗೋಲಿನಲ್ಲಿ ಅಳೆಯಬೇಕು.

ಲಿಂಕನ್‌ನಿಂದಲೇ ಶುರು ಮಾಡೋಣ. 1860ರಲ್ಲಿ ಅವನಿಗೆ ಬಿದ್ದ ಜನರ ಮತ ಶೇ. 40ಕ್ಕಿಂತ ತುಸು ಕಡಿಮೆ. 1861ರ ಮಾರ್ಚ್ 4ರಂದು ಪ್ರಮಾಣವಚನ ತೆಗೆದುಕೊಳ್ಳುವಾಗ ಗುಲಾಮಗಿರಿಯ ಜಗಳದಲ್ಲಿ ದಕ್ಷಿಣದ 7 ರಾಜ್ಯಗಳು ಆಗಲೇ ಒಕ್ಕೂಟ ಬಿಟ್ಟು ಹೋಗಿದ್ದವು. ಚಾರ್ಲ್ಸ್‌ಟನ್ ಬಂದರಿನ ಸಮ್ಟರ್ ಕೋಟೆಯಲ್ಲಿದ್ದ ಪಡೆಗೆ ಆಹಾರ ಮುಗಿಯುತ್ತಾ ಬಂದಿತ್ತು. ಮಾರ್ಚ್ ಮಧ್ಯದಲ್ಲಿ ಸಂಪುಟದವರನ್ನು ಕೇಳಿದರೆ ಹೆಚ್ಚಿನವರದು ಒಂದೇ ಮಾತು, ಕೋಟೆ ಬಿಟ್ಟುಬಿಡೋಣ. ಸೇನಾ ಮುಖ್ಯಸ್ಥ ವಿನ್‌ಫೀಲ್ಡ್ ಸ್ಕಾಟ್‌ನ ಸಲಹೆಯೂ ಅದೇ. ಲಿಂಕನ್ ಕೋಟೆಯನ್ನು ಬಿಟ್ಟುಕೊಡಲಿಲ್ಲ, ಸೈನ್ಯ ನುಗ್ಗಿಸಲೂ ಇಲ್ಲ. ದಿನಸಿ ಮಾತ್ರ ಕಳಿಸುತ್ತೇನೆ, ನೀವು ತಡೆಯದಿದ್ದರೆ ಸೈನಿಕರನ್ನಾಗಲಿ ಮದ್ದುಗುಂಡನ್ನಾಗಲಿ ಇಳಿಸುವುದಿಲ್ಲ ಎಂದು ದಕ್ಷಿಣ ಕೆರೊಲಿನಾದ ಗವರ್ನರ್‌ಗೆ ಮುಂಚೆಯೇ ತಿಳಿಸಿದ. ಏಪ್ರಿಲ್ 12ರ ನಸುಕಿನಲ್ಲಿ ಮೊದಲ ಗುಂಡು ದಕ್ಷಿಣದ ಕಡೆಯಿಂದ ಹಾರಿತು, ಅಂತರ್ಯುದ್ಧ ಶುರುವಾಯಿತು. ಲಿಂಕನ್ 75,000 ಜನರ ಪಡೆ ಕರೆದಾಗ ಇನ್ನೂ 4 ರಾಜ್ಯಗಳು ಹೋದವು ನಿಜ, ಆದರೆ ಅದುವರೆಗೆ ಹತ್ತು ದಿಕ್ಕಿಗೆ ಎಳೆದಾಡುತ್ತಿದ್ದ ಉತ್ತರ ಒಂದಾಯಿತು.

ಇದಕ್ಕಿಂತ ದೊಡ್ಡ ಸಾಕ್ಷಿ 1864ರ ಆಗಸ್ಟ್ ತಿಂಗಳದ್ದು. ಉತ್ತರದ ಸೇನಾಪತಿಗಳಾದ ಗ್ರಾಂಟ್ ಪೀಟರ್ಸ್‌ಬರ್ಗ್‌ನ ಮುಂದೆ, ಶರ್ಮನ್ ಅಟ್ಲಾಂಟದ ಮುಂದೆ ಸಿಕ್ಕಿಬಿದ್ದಿದ್ದರು. ಸತ್ತವರ ಪಟ್ಟಿ ದಿನದಿನಕ್ಕೂ ಬೆಳೆಯುತ್ತಿತ್ತು. ಗುಲಾಮರ ವಿಮೋಚನೆಯ ಷರತ್ತನ್ನು ಪಕ್ಕಕ್ಕಿಟ್ಟು ಸಂಧಿಗೆ ಕರೆಯಿರಿ ಎಂದು ಸ್ವಂತ ಪಕ್ಷದ ರಾಷ್ಟ್ರೀಯ ಸಮಿತಿಯ ಮುಖ್ಯಸ್ಥ ಹೆನ್ರಿ ರೇಮಂಡನೇ ಬರೆದ. ಆಗಸ್ಟ್ 23ರಂದು ಲಿಂಕನ್ ಒಂದು ಹಾಳೆಯ ಮೇಲೆ ಕೆಲವೇ ಸಾಲು ಗೀಚಿದ: ನಾವು ಮತ್ತೆ ಗೆಲ್ಲುವ ಸಂಭವ ತೀರ ಕಡಿಮೆ, ಸೋತರೆ, ಗೆದ್ದವನ ಜೊತೆ ಕೈಜೋಡಿಸಿ, ಅವನು ಅಧಿಕಾರ ಹಿಡಿಯುವುದರೊಳಗೆ ಒಕ್ಕೂಟವನ್ನು ಉಳಿಸುವುದು ನನ್ನ ಕರ್ತವ್ಯ. ಹಾಳೆಯನ್ನು ಮಡಚಿ ಅಂಟಿಸಿ, ಒಳಗೇನಿದೆ ಎಂದು ಹೇಳದೆಯೇ ಅದರ ಹಿಂಬದಿಯಲ್ಲಿ ಸಂಪುಟದವರ ಸಹಿ ಹಾಕಿಸಿಕೊಂಡ. ಸೋಲು ಕಣ್ಣೆದುರಿಗಿದ್ದರೂ ಚುನಾವಣೆಯನ್ನು ಮುಂದೂಡಲಿಲ್ಲ, ವಿಮೋಚನೆಯ ಷರತ್ತನ್ನು ಕೈಬಿಡಲಿಲ್ಲ. ಸೆಪ್ಟೆಂಬರ್ 2ರಂದು ಅಟ್ಲಾಂಟ ಬಿತ್ತು, ನವೆಂಬರ್‌ನಲ್ಲಿ ಲಿಂಕನ್ 212–21 ಎಲೆಕ್ಟೊರಲ್ ಮತಗಳಿಂದ (ಅಧ್ಯಕ್ಷನನ್ನು ಆರಿಸುವ ರಾಜ್ಯವಾರು ಪ್ರತಿನಿಧಿಗಳ ಮತ) ಗೆದ್ದ. ಹಿಂದಿನ ಜೂನ್‌ನಲ್ಲಿ ಕೆಳಮನೆಯಲ್ಲಿ ಬಿದ್ದುಹೋಗಿದ್ದ 13ನೇ ತಿದ್ದುಪಡಿಯನ್ನು 1865ರ ಜನವರಿ 31ರಂದು 119–56ರಿಂದ ಪಾಸು ಮಾಡಿಸಿದ. ಗುಲಾಮಗಿರಿಯನ್ನು ಸಂವಿಧಾನದಲ್ಲೇ ರದ್ದು ಮಾಡಿದ್ದು ಈ ತಿದ್ದುಪಡಿ.

ನಿಮ್ಮ ಗೆಳೆಯರು ಎಸೆಯುವ ಮೊದಲ ಕಲ್ಲು ಬಹುಶಃ ಪತ್ರಿಕಾ ಸಂಪಾದಕ ಹೊರೇಸ್ ಗ್ರೀಲಿಗೆ ಲಿಂಕನ್ ಬರೆದ ಪತ್ರ. ಒಬ್ಬ ಗುಲಾಮನನ್ನೂ ಬಿಡಿಸದೆ ಒಕ್ಕೂಟ ಉಳಿಸಲಾಗುವುದಾದರೆ ಹಾಗೇ ಮಾಡುತ್ತೇನೆ ಎಂದು 1862ರ ಆಗಸ್ಟ್ 22ರಂದು ಲಿಂಕನ್ ಬರೆದದ್ದು ನಿಜ. ನೀವು ತಾರೀಖು ತೋರಿಸಿ. ಅದಕ್ಕೆ ಒಂದು ತಿಂಗಳು ಮೊದಲೇ, ಜುಲೈ 22ರಂದು, ವಿಮೋಚನಾ ಘೋಷಣೆಯ ಕರಡನ್ನು ಅವನು ಸಂಪುಟದ ಮುಂದೆ ಓದಿದ್ದ. ಈಗ ಹೊರಡಿಸಿದರೆ ಸೋಲುತ್ತಿರುವವರ ಗೋಳಿನಂತೆ ಕೇಳಿಸುತ್ತದೆ, ಒಂದು ಗೆಲುವು ಬರಲಿ ಎಂದು ವಿದೇಶಾಂಗ ಮಂತ್ರಿ ಸ್ಯೂವರ್ಡ್ ಹೇಳಿದ್ದಕ್ಕೆ ಅದನ್ನು ಎತ್ತಿಟ್ಟಿದ್ದ. ಪತ್ರ ಬರೆದದ್ದು ಹಿಂಜರಿಯುತ್ತಿದ್ದ ಉತ್ತರದ ಜನರನ್ನು ಅಣಿಮಾಡಲು. ಘೋಷಣೆ ಬಂಡೆದ್ದ ಪ್ರದೇಶಗಳಿಗಷ್ಟೇ ಅನ್ವಯಿಸಿತು ಎಂಬ ಆಕ್ಷೇಪವೂ ಬರುತ್ತದೆ. ಅದು ಯುದ್ಧಕಾಲದ ಸೇನಾಧಿಕಾರದ ಮೇಲೆ ಹೊರಟ ಆದೇಶ. ಒಕ್ಕೂಟದಲ್ಲೇ ಉಳಿದಿದ್ದ ಕೆಂಟಕಿ, ಮಿಸೌರಿಯಂಥ ರಾಜ್ಯಗಳಲ್ಲಿ ಆ ಅಧಿಕಾರ ನಡೆಯುತ್ತಿರಲಿಲ್ಲ. ತಿದ್ದುಪಡಿ ಬೇಕಾದದ್ದೂ ಅದಕ್ಕೇ. ಆ ಘೋಷಣೆ ಕಪ್ಪು ಜನರಿಗೆ ಸೈನ್ಯದ ಬಾಗಿಲು ತೆರೆಯಿತು, ಸುಮಾರು 1,80,000 ಮಂದಿ ಸೇರಿದರು.

ಆದರೆ ಲಿಂಕನ್‌ನ ತಪ್ಪುಗಳನ್ನು ಮುಚ್ಚಿಡಬೇಡಿ. ಕಾಂಗ್ರೆಸ್ಸನ್ನು ಕೇಳದೆ ಹೇಬಿಯಸ್ ಕಾರ್ಪಸ್ (ಬಂಧಿತನನ್ನು ಕೋರ್ಟಿನ ಮುಂದೆ ತರಲೇಬೇಕೆಂಬ ಹಕ್ಕು) ಅಮಾನತುಗೊಳಿಸಿದ, ವಿಚಾರಣೆಯಿಲ್ಲದೆ ಜನ ಜೈಲಿಗೆ ಹೋದರು. 1862ರ ಡಿಸೆಂಬರ್ 26ರಂದು ಮಿನೆಸೋಟಾದ ಮ್ಯಾಂಕಾಟೊದಲ್ಲಿ ಡಕೋಟಾ ಎಂಬ ಮೂಲನಿವಾಸಿ ಬುಡಕಟ್ಟಿನ 38 ಜನರನ್ನು ಒಟ್ಟಿಗೆ ಗಲ್ಲಿಗೇರಿಸಲಾಯಿತು. ಸೇನಾ ವಿಚಾರಣೆಯಲ್ಲಿ ಗಲ್ಲು ಶಿಕ್ಷೆಯಾಗಿದ್ದ 303 ಜನರ ಕಡತಗಳನ್ನು ತರಿಸಿ ನೋಡಿ ಹೆಚ್ಚಿನವರನ್ನು ಉಳಿಸಿದ್ದು ಅವನೇ. ಆದರೆ ಕೆಲವು ವಿಚಾರಣೆಗಳು ಹತ್ತು ನಿಮಿಷವೂ ನಡೆದಿರಲಿಲ್ಲ. ಆ 38 ಜನರ ಹೊಣೆಯೂ ಅವನದೇ.

ಈಗ ರೂಸ್‌ವೆಲ್ಟ್. ಅವನ ಪರ ಗಟ್ಟಿ ವಾದ ಅಂದರೆ 1933ರ ಮಾರ್ಚ್‌ನ ಆ ಒಂದೇ ವಾರ. ದುಡಿಯುವವರಲ್ಲಿ ಸುಮಾರು ನಾಲ್ಕರಲ್ಲಿ ಒಬ್ಬನಿಗೆ ಕೆಲಸವಿಲ್ಲ, ಠೇವಣಿದಾರರು ಬ್ಯಾಂಕುಗಳ ಮುಂದೆ ಸಾಲುಗಟ್ಟಿದ್ದಾರೆ. 6ಕ್ಕೆ ದೇಶದ ಬ್ಯಾಂಕುಗಳಿಗೆಲ್ಲ ರಜೆ ಘೋಷಿಸಿದ, 9ಕ್ಕೆ ಒಂದೇ ದಿನದಲ್ಲಿ ಬ್ಯಾಂಕಿಂಗ್ ಕಾಯ್ದೆ ಪಾಸಾಯಿತು. 12ರ ಭಾನುವಾರ ರಾತ್ರಿ ರೇಡಿಯೊದಲ್ಲಿ, ಬ್ಯಾಂಕು ನಿಮ್ಮ ಹಣವನ್ನು ಕಪಾಟಿನಲ್ಲಿ ಇಟ್ಟಿರುವುದಿಲ್ಲ, ಸಾಲ ಕೊಟ್ಟಿರುತ್ತದೆ ಎಂದು ಮನೆಮಂದಿಗೆ ಹೇಳಿದಂತೆ ಬಿಡಿಸಿ ಹೇಳಿದ. ಮಾರನೆಯ ದಿನ ಬಾಗಿಲು ತೆರೆದಾಗ ಜನ ಹಣ ವಾಪಸ್ ತಂದು ಕಟ್ಟಿದರು. ಈ ಧೈರ್ಯ ತುಂಬುವ ಕೆಲಸ ಅವನ ಹಿಂದಿನ ಅಧ್ಯಕ್ಷ ಹರ್ಬರ್ಟ್ ಹೂವರ್‌ನಿಂದ ಆಗಿರಲಿಲ್ಲ. 1935ರ ಸಾಮಾಜಿಕ ಭದ್ರತಾ ಕಾಯ್ದೆ ಇಂದಿಗೂ ನಿಂತಿದೆ. ಪರ್ಲ್ ಹಾರ್ಬರ್ ಮೇಲೆ ಜಪಾನ್ ದಾಳಿ ಮಾಡುವುದಕ್ಕೆ ಒಂಬತ್ತು ತಿಂಗಳು ಮೊದಲೇ, ಮಿತ್ರರಿಗೆ ಯುದ್ಧ ಸಾಮಗ್ರಿ ಒದಗಿಸುವ ಲೆಂಡ್-ಲೀಸ್ ಕಾಯ್ದೆ ತಂದು ಬ್ರಿಟನ್ನಿಗೆ ಆಸರೆಯಾದ.

ಹಾಗಿದ್ದರೂ ನಾನು ಅವನನ್ನು ಲಿಂಕನ್‌ಗಿಂತ ಕೆಳಗಿಡುವುದು 1942ರ ಫೆಬ್ರುವರಿ 19ರ 9066ನೇ ಆದೇಶಕ್ಕಾಗಿ. ಸುಮಾರು 1,20,000 ಜಪಾನಿ ಮೂಲದವರನ್ನು ಮನೆಮಠ ಬಿಡಿಸಿ ಮುಳ್ಳುತಂತಿಯ ಶಿಬಿರಗಳಿಗೆ ಅಟ್ಟಿದರು. ಅವರಲ್ಲಿ ಮೂರನೇ ಎರಡು ಪಾಲು ಜನ ಅಮೆರಿಕದ ನಾಗರಿಕರೇ. ಇದು ಬೇಡ ಎಂದವರು ಹೊರಗಿನವರಲ್ಲ. ಅಟಾರ್ನಿ ಜನರಲ್ ಫ್ರಾನ್ಸಿಸ್ ಬಿಡ್ಲ್ ವಿರೋಧಿಸಿದ್ದ, ಎಫ್‌ಬಿಐ ಮುಖ್ಯಸ್ಥ ಜೆ. ಎಡ್ಗರ್ ಹೂವರ್‌ಗೂ ಅಗತ್ಯ ಕಂಡಿರಲಿಲ್ಲ. ಸುತ್ತಲಿನವರ ಸಲಹೆ ಮೀರಿ ಲಿಂಕನ್ ಸಮ್ಟರ್‌ನಲ್ಲಿ ಸರಿ ಮಾಡಿದ, ಒಳ್ಳೆಯ ಸಲಹೆ ಕೈಯಲ್ಲಿದ್ದೂ ರೂಸ್‌ವೆಲ್ಟ್ ಇಲ್ಲಿ ತಪ್ಪು ಮಾಡಿದ. ನಿಮ್ಮ ಗೆಳೆಯರು ಉತ್ತರಿಸಬೇಕಾದದ್ದು ಇದಕ್ಕೆ. ನಿರುದ್ಯೋಗ ಪೂರ್ತಿ ಕರಗಿದ್ದು ಯುದ್ಧದ ಉತ್ಪಾದನೆಯಿಂದ ಎಂಬುದನ್ನೂ ಕೇಳಿ. 1937ರಲ್ಲಿ ಖರ್ಚು ಬಿಗಿಹಿಡಿದಾಗ ಆರ್ಥಿಕತೆ ಮತ್ತೆ ಕುಸಿದಿತ್ತು.

ಮೂರನೆಯವನೊಬ್ಬನನ್ನು ತರುವುದಾದರೆ ವಾಷಿಂಗ್ಟನ್. ಅವನ ದೊಡ್ಡ ಕೆಲಸ 1797ರಲ್ಲಿ ತಾನಾಗಿ ಮನೆಗೆ ಹೋದದ್ದು. ಎರಡೇ ಅವಧಿ ಎಂಬ ಆ ಪದ್ಧತಿಯನ್ನು 1940ರಲ್ಲಿ ಮೊದಲು ಮುರಿದದ್ದು ರೂಸ್‌ವೆಲ್ಟೇ.

ಇತಿಹಾಸಕಾರರ ಸಮೀಕ್ಷೆಗಳನ್ನು ತೀರ್ಪು ಅಂದುಕೊಳ್ಳಬೇಡಿ. ಅಮೆರಿಕದ ಟಿವಿ ಜಾಲ ಸಿ-ಸ್ಪ್ಯಾನ್ 2021ರ ಸಮೀಕ್ಷೆಯಲ್ಲಿ ಲಿಂಕನ್‌ಗೆ 897, ವಾಷಿಂಗ್ಟನ್‌ಗೆ 851, ರೂಸ್‌ವೆಲ್ಟ್‌ಗೆ 841 ಅಂಕ ಕೊಟ್ಟಿತು. ಅದರಲ್ಲಿ 10 ಗುಣಗಳಿಗೂ ಒಂದೇ ತೂಕ, ಆಡಳಿತ ಚಾತುರ್ಯಕ್ಕೂ ಸಮಾನ ನ್ಯಾಯಕ್ಕೂ ಅಷ್ಟಷ್ಟೇ ಅಂಕ. ನಿಮ್ಮ ತೂಕ ಬೇರೆಯಾದರೆ ಪಟ್ಟಿಯೂ ಬೇರೆ. ಯುದ್ಧದ ನಂತರ ತಾನೂ ಅಧ್ಯಕ್ಷನಾಗಿ, 1885ರಲ್ಲೇ ತೀರಿಕೊಂಡ ಗ್ರಾಂಟ್ ಇದೇ ಸಮೀಕ್ಷೆಯಲ್ಲಿ 2000ದಲ್ಲಿ 33ನೆಯವನು, 2021ರಲ್ಲಿ 20ನೆಯವನು. ಕಪ್ಪು ಜನರ ಹಕ್ಕುಗಳಿಗಾಗಿ ಅವನು ಮಾಡಿದ್ದನ್ನು ಓದುವ ಕಣ್ಣು ಬದಲಾಗಿದೆ.

ನಿಮ್ಮ ವಾದ ಅಮೆರಿಕದ ಕನ್ನಡ ಕೂಟದಲ್ಲೆಲ್ಲಾದರೂ ನಡೆಯುತ್ತಿದ್ದರೆ 1960ರ ದಶಕದ ಅಧ್ಯಕ್ಷ ಲಿಂಡನ್ ಜಾನ್ಸನ್ ಹೆಸರನ್ನೂ ಎತ್ತಿ. 1946ರ ಕಾನೂನಿನಲ್ಲಿ ಅಮೆರಿಕಕ್ಕೆ ವಲಸೆ ಬರಲು ಭಾರತೀಯರಿಗಿದ್ದ ಕೋಟಾ ವರ್ಷಕ್ಕೆ 100 ಜನ. ಮೂಲದೇಶ ನೋಡಿ ಹಂಚುವ ಆ ಪದ್ಧತಿಯನ್ನು ತೆಗೆದ ಕಾಯ್ದೆಗೆ 1965ರ ಅಕ್ಟೋಬರ್ 3ರಂದು ಸಹಿ ಹಾಕಿದವನು ಅವನು. ನಾಗರಿಕ ಹಕ್ಕುಗಳ ಕಾಯ್ದೆ, ಮತದಾನ ಹಕ್ಕಿನ ಕಾಯ್ದೆಗಳೂ ಅವನ ಕಾಲದವೇ, ಅವನೇ ಸಂಸದರ ಬೆನ್ನು ಹತ್ತಿ ಪಾಸು ಮಾಡಿಸಿದವು. ಆದರೆ ವಿಯೆಟ್ನಾಮಿಗೆ 5,00,000ಕ್ಕೂ ಹೆಚ್ಚು ಸೈನಿಕರನ್ನು ಕಳಿಸಿದವನೂ ಅವನೇ. ಹಾಗಾಗಿ ಆ ಮೂವರ ಸಾಲಿಗೆ ಅವನನ್ನು ನಾನು ಸೇರಿಸುವುದಿಲ್ಲ.